ಒಂದೂ ಐವತ್ತರಿಂದ ಮೂರೂವರೆಯವರೆಗೆ

ಆಗಸ್ಟ್ 3

ಪ್ರೀತಿಯ ಅತ್ತಿಗೆ,

ಕಾಗದ ನೋಡಿ ಗಾಬರಿಯಾಗಬೇಡಿ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಎಲ್ಲರೂ ಎಂದರೆ ನಾನು ಮತ್ತು ಕಿಟಕಿಯಲ್ಲಿರುವ ಗಿಡ. ದಿನಕ್ಕೆ ಹತ್ತು ಸಲ ಮೆಸೇಜು ಮಾಡುವವಳು ಸ್ಟಾಂಪು ಹಚ್ಚಿ ಪತ್ರ ಬರೆಯುತ್ತಿದ್ದಾಳೆಂದರೆ ತಲೆ ಕೆಟ್ಟಿರಬೇಕು ಅಂದುಕೊಳ್ಳುತ್ತೀರಿ. ಕೆಟ್ಟಿರುವುದು ನಿಜ, ಆದರೆ ಕಾರಣವಿದೆ. ನಾವಿಬ್ಬರು ಮೆಸೇಜಿನಲ್ಲಿ ಆಡಿದ ಮಾತು ನಮ್ಮ ಆನ್‌ಲೈನ್ ಆಟದ ಆಟಗಾರರ ಕಿವಿಗೆ ಬೀಳುತ್ತಿದೆ. ಆಟದಲ್ಲಿ ಗುಡಿಸಲಿನ ಮಾಡಿನ ಮೇಲೆ ಸಿಕ್ಕಿಕೊಂಡ ಕರಡಿಯನ್ನು ಗುರುವಾರ ಇಳಿಸುತ್ತೇನೆ ಎಂದು ನಿಮಗೊಬ್ಬರಿಗೇ ಬರೆದಿದ್ದೆ. ಬುಧವಾರವೇ ಆ ಗುಡಿಸಲಿನ ಆಟಗಾರ್ತಿ, "ನಾಳೆ ಕರಡಿ ಇಳಿಯುತ್ತಂತಲ್ಲ" ಎಂದು ನನಗೇ ಹೇಳಿದಳು. ಫೋನಿನಲ್ಲಿ ಮಾತಾಡೋಣವೆಂದರೆ ಭಾನುವಾರ ಅಣ್ಣ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟುಬಿಡುತ್ತಾನೆ. ಆದ್ದರಿಂದ ಈ ವಿಷಯ ಕಾಗದದಲ್ಲೇ ಇರಲಿ.

ವಿಷಯ ಇಷ್ಟು. ನಮ್ಮ ದ್ವೀಪದಲ್ಲಿ ಇಲ್ಲದ ಸಾಮಾನು ಹುಟ್ಟುತ್ತಿದೆ.

ಈ ಆಟದ ಜೀವ ಎಲ್ಲಿದೆ ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಲವತ್ತಾರು ಜನ ಒಂದೇ ದ್ವೀಪದಲ್ಲಿ ಚಳಿ, ಹಸಿವು, ತೋಳಗಳ ನಡುವೆ ಬದುಕಿ ಉಳಿಯಬೇಕು. ಕಡಿಯದೆ ಸೌದೆಯಿಲ್ಲ, ಬೀಸದೆ ಹಿಟ್ಟಿಲ್ಲ. ಐದು ವರ್ಷ ಕೂತು ನಾನು ಬರೆದದ್ದು ಇದೊಂದೇ ನಿಯಮ. ಈಗ ಮುಂಗುಸಿ ಎಂದು ಹೆಸರಿಟ್ಟುಕೊಂಡ ಒಬ್ಬ ಆಟಗಾರನ ಚೀಲದಲ್ಲಿ ಹಿಟ್ಟು ತುಂಬಿದೆ. ಅದನ್ನು ಅವನು ತೆಗೆದುಕೊಂಡದ್ದು ಊರ ಉಗ್ರಾಣದಿಂದ. ಆದರೆ ಉಗ್ರಾಣದಲ್ಲಿ ಹಿಟ್ಟು ಇದ್ದ ಹಾಗೇ ಇದೆ! ಸಂಜೆ ಆಡುವವರಿಂದ ನಾಲ್ಕು ದೂರು ಬಂದಿವೆ. "ಯಜಮಾನಿಗೆ ಬೇಕಾದವರಿಗೆ ಚಳಿ ಆಗಲ್ವಂತೆ" ಎಂದು ಒಬ್ಬ ಬರೆದಿದ್ದಾನೆ. ಯಜಮಾನಿ ಎಂದರೆ ನೀವು.

ಕೈಯಾಡಿಸಿದ ಕೂಡಲೇ ಸಾಮಾನು ಹುಟ್ಟಿಸುವ ಪಾಸ್‌ವರ್ಡ್ ಇರುವುದು ಇಬ್ಬರಲ್ಲಿ. ನಾನಂತೂ ಮುಟ್ಟಿಲ್ಲ. ನಿಮ್ಮಲ್ಲಿರುವ ಚೀಟಿಯನ್ನು ಬೇರೆ ಯಾರಾದರೂ ನೋಡಿರಬಹುದೇ, ಸ್ವಲ್ಪ ಯೋಚಿಸಿ. ಡಿಸೆಂಬರ್ ಒಂದಕ್ಕೆ ನೂರು ದಿನದ ದೊಡ್ಡ ಚಳಿಗಾಲ ಶುರು ಎಂದು ಎಲ್ಲರಿಗೂ ಮಾತು ಕೊಟ್ಟಿದ್ದೇನೆ. ಅದರಲ್ಲಿ ಸತ್ತವರು ಮತ್ತೆ ಒಳಗೆ ಬರುವಂತಿಲ್ಲ. ಅಂಥ ಆಟದಲ್ಲಿ ಒಬ್ಬನಿಗೆ ಮಾತ್ರ ಬಿಟ್ಟಿ ಹಿಟ್ಟು ಸಿಗುತ್ತದೆಂದು ಗೊತ್ತಾದರೆ ಒಂದೇ ವಾರದಲ್ಲಿ ಎಲ್ಲರೂ ಎದ್ದು ಹೋಗುತ್ತಾರೆ. ಆಮೇಲೆ ನಾನೂ ನೀವೂ ಖಾಲಿ ದ್ವೀಪದಲ್ಲಿ ಕರಡಿ ಕಾಯಬೇಕು.

ಇನ್ನೊಂದು ಸಣ್ಣ ದೂರಿಗೆ ನೀವೇ ಉತ್ತರ ಹೇಳಿಬಿಡಿ. ಎರಡೆರಡು ಗಂಟೆಗೊಮ್ಮೆ ಆಟ ಒಂದು ಕ್ಷಣ ಅಂಟಿಕೊಂಡಂತಾಗುತ್ತದಲ್ಲ, ಅದು ಆಟ ಕೆಟ್ಟುಹೋದದ್ದಲ್ಲ. ಹತ್ತು, ಹನ್ನೆರಡು, ಎರಡು, ಹೀಗೆ ಇಡೀ ದ್ವೀಪ ಆಗ ಡಿಸ್ಕಿನಲ್ಲಿ ಸೇವ್ ಆಗುತ್ತದೆ. ಆಟಗಾರರ ಚೀಲ ಚಿಕ್ಕದು, ಅದು ಆಗಿಂದಾಗಲೇ ಸೇವ್ ಆಗುತ್ತದೆ. ದ್ವೀಪವನ್ನು ಓಡಿಸುವ ನಿಮ್ಮ ಮನೆಯ ಮುದಿ ಯಂತ್ರಕ್ಕೆ ಇದಕ್ಕಿಂತ ಹೆಚ್ಚು ಹೊರೆ ಹೊರಿಸಲಾರೆ.

ಅಮ್ಮನಿಗೆ ಯಂತ್ರದಿಂದ ತೊಂದರೆಯಿಲ್ಲ ತಾನೇ?

ನಿಮ್ಮ ನಾದಿನಿ


ಆಗಸ್ಟ್ 10

ನಮ್ಮ ಮನೆತನದ ಗೂಢಚಾರಿಣಿಗೆ,

ಅಂಚೆಯವನು ಬಾಗಿಲು ಬಡಿದಾಗ ನಿಮ್ಮಣ್ಣ ಕಿಟಕಿಯಲ್ಲಿ ನೋಡಿ, "ಯಾವುದೋ ನೋಟೀಸ್ ಇರ್ಬೇಕು, ನೀನೇ ತಗೋ" ಎಂದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರು. ಗಂಡು ಧೈರ್ಯ ನೋಡು.

ಕರಡಿಯ ಗುಟ್ಟು ಬಿಟ್ಟುಕೊಟ್ಟವಳು ನಾನೇ ಮಾರಾಯ್ತಿ. ಮೂರು ದಿನ ಆ ಪ್ರಾಣಿ ಅವಳ ಮಾಡಿನ ಮೇಲೆ ಕಂಬದ ಹಾಗೆ ನಿಂತಿತ್ತು, ಇಳಿಯಲೂ ಇಲ್ಲ, ಸಾಯಲೂ ಇಲ್ಲ. "ಯಜಮಾನಿ, ಇದಕ್ಕೆ ಬಾಡಿಗೆ ಕೇಳ್ಲಾ?" ಎಂದು ಅವಳು ಕೇಳಿದಳು. "ತಡಿ, ಗುರುವಾರ ಇಳಿಸ್ತಾರೆ" ಅಂದೆ. ಅಷ್ಟಕ್ಕೆ ನೀನು ಮೆಸೇಜು ಬಿಟ್ಟು ಅಂಚೆ ಹಿಡಿದೆ. ಇರಲಿ, ನಿನ್ನ ಅಕ್ಷರ ನೋಡಿ ವರ್ಷಗಳಾಗಿತ್ತು, ಈಗಲೂ ಕೋಳಿ ಕೆದಕಿದ ಹಾಗೇ ಇದೆ.

ಚೀಟಿ ನನ್ನ ಕಪಾಟಿನಲ್ಲಿ ಬಟ್ಟೆಗಳ ಕೆಳಗಿದೆ. ಮೂವತ್ತೆರಡು ಅಕ್ಷರದ ಪಾಸ್‌ವರ್ಡು. ನೋಡಿಕೊಂಡು ಒತ್ತಿದರೂ ನನಗೇ ಮೂರನೆಯ ಸಲಕ್ಕೆ ಸರಿಹೋಗುತ್ತದೆ. ಅದನ್ನು ಕದ್ದು ಕಂಠಪಾಠ ಮಾಡುವ ಕಳ್ಳ ಬಂದರೆ ಕೂರಿಸಿ ಟೀ ಕೊಡುತ್ತೇನೆ.

ನೀನು ಬರೆದು ಕಳಿಸಿ ಹಾಯಾಗಿ ಕಚೇರಿಗೆ ಹೋಗುತ್ತೀಯ, ಬೈಸಿಕೊಳ್ಳುವವಳು ಇಲ್ಲಿ ನಾನು. ಹೊಸ ಅಪ್‌ಡೇಟು ಹಾಕಿದ ದಿನ ತೋಳಗಳು ಗೋಡೆಯೊಳಗಿಂದ ನಡೆದುಬಂದವು. ಯಾರೋ ಪುಣ್ಯಾತ್ಮ ಹೊಸಬರು ಇಳಿಯುವ ಜಾಗದ ಸುತ್ತ ಬೇಲಿ ಕಟ್ಟಿ, ಒಳಗೆ ಸಿಕ್ಕಿಬಿದ್ದವರಿಂದ ಸೌದೆ ವಸೂಲಿ ಮಾಡುತ್ತಿದ್ದ. ಹೋದ ವಾರ ಇಬ್ಬರು ಜಗಳ ಆಡಿಕೊಂಡು ನನ್ನ ಹತ್ತಿರ ಬಂದರು. ಒಬ್ಬ ಕೊಡಲಿಯನ್ನು ಪೆಟ್ಟಿಗೆಯಲ್ಲಿಟ್ಟು ಊಟಕ್ಕೆ ಹೋದನಂತೆ, ಬಂದು ನೋಡಿದರೆ ಕೊಡಲಿಯಿಲ್ಲ. ಪಕ್ಕದ ಗುಡಿಸಲಿನವನೇ ಕದ್ದ ಎಂದು ಇವನು, ಇವನೇ ಮರೆತು ಎಲ್ಲೋ ಇಟ್ಟ ಎಂದು ಅವನು. ಈಗ ಅವರಿಬ್ಬರ ನಡುವೆ ಗೋಡೆ ಎದ್ದಿದೆ.

ಬೈದರೂ ನನಗೆ ಬೇಸರವಿಲ್ಲ. ಹನ್ನೊಂದು ವರ್ಷ ಇಂಟರ್‌ನೆಟ್ ಅಂಗಡಿ ನಡೆಸಿದೆ. ಎಲ್ಲರ ಜೇಬಿಗೂ ಫೋನು ಬಂದ ಮೇಲೆ ಮುಚ್ಚಿದೆ. ಆಮೇಲೆ ಈ ಮನೆಯಲ್ಲಿ ನನ್ನನ್ನು ಯಾರಾದರೂ ಏನಾದರೂ ಕೇಳಿದರೆ ಅದು ಕನ್ನಡಕ ಎಲ್ಲಿದೆ ಅಂತ. ಅಂಗಡಿಯಲ್ಲಿ ಉಳಿದ ಒಂದು ಯಂತ್ರವನ್ನು ನಿನ್ನ ದ್ವೀಪಕ್ಕೆ ಕೊಟ್ಟ ಮೇಲೆ ನಲವತ್ತಾರು ಜನ ಯಜಮಾನಿ ಯಜಮಾನಿ ಅನ್ನುತ್ತಾರೆ. ಅದು ನನಗೆ ಇಷ್ಟ. ಅದು ನನ್ನ ಕೈಬಿಟ್ಟುಹೋಗುವುದು ಬೇಡ. ಸುಮ್ಮನೆ ಹೇಳಿರುತ್ತೇನೆ.

ಅತ್ತೆಯ ಕೋಣೆ ತಂಪು ಎಂದು ಈ ಬೇಸಿಗೆಯಲ್ಲಿ ಯಂತ್ರವನ್ನು ಅಲ್ಲಿಗೆ ಸಾಗಿಸಿದೆನಲ್ಲ, ಅಲ್ಲೇ ಇದೆ. ಅವರೇನನ್ನುತ್ತಾರೆ ಎಂದು ಭಾನುವಾರ ನೀನೇ ಕೇಳುತ್ತೀಯಲ್ಲ.

ನನಗೊಂದು ಪ್ರಶ್ನೆ. ನೀನು ಬರೆದ ಮೇಲೆ ಮುಂಗುಸಿಯ ಮೇಲೆ ಕಣ್ಣಿಟ್ಟೆ. ಸರಿಯಾಗಿ ಒಂದಕ್ಕೆ ಬರುತ್ತಾನೆ, ಎರಡರೊಳಗೆ ಮಾಯ. ಯಾರ ಹತ್ತಿರವೂ ಮಾತಿಲ್ಲ. ಉಗ್ರಾಣದಲ್ಲಿ ಏನಿದೆ, ಎಲ್ಲಿದೆ ಎಂದು ಕಟ್ಟಿದವರಿಗೆ ಗೊತ್ತಿರುವ ಹಾಗೆ ಗೊತ್ತು. ನಿನ್ನ ಊಟದ ಬಿಡುವು ಎಷ್ಟು ಗಂಟೆಗೆ?

ಅತ್ತಿಗೆ


ಆಗಸ್ಟ್ 19

ಅತ್ತಿಗೆ,

ನನ್ನ ಊಟದ ಬಿಡುವು ಒಂದರಿಂದ ಎರಡು. ಏಕೆ ಕೇಳಿದಿರಿ ಎಂದು ಅರ್ಥವಾಯಿತು, ಅರ್ಥವಾದ ಮೇಲೆ ಊಟ ರುಚಿಸಲಿಲ್ಲ. ಹವಾಮಾನ ಕಚೇರಿಯ ಬಾಗಿಲಲ್ಲೇ ಫೋನು ಇಸಿದುಕೊಂಡು ಡಬ್ಬಿಗೆ ಹಾಕುತ್ತಾರೆ. ಸಂಜೆ ಐದರವರೆಗೆ ನಾನು ನೋಡುವುದು ಮೋಡದ ನಕ್ಷೆ ಮಾತ್ರ, ದ್ವೀಪ ಇದೆಯೋ ಮುಳುಗಿದೆಯೋ ನನಗೆ ತಿಳಿಯುವುದಿಲ್ಲ. ನಾನೇ ಮಾಡಿದ ಆಟದಲ್ಲಿ ಮಾರುವೇಷ ಹಾಕಿ ಹಿಟ್ಟು ಕದಿಯುವಷ್ಟು ಬಿಡುವಾಗಲಿ ಬುದ್ಧಿಯಾಗಲಿ ನನಗಿಲ್ಲ.

ಆದರೆ ಒಂದು ಒಪ್ಪುತ್ತೇನೆ. ಒಂದರಿಂದ ಎರಡು ಎಂದು ನೀವು ಹೇಳಿದ್ದು ಸರಿ. ಹಿಟ್ಟು, ಕಬ್ಬಿಣ, ಕಂಬಳಿ, ಎಲ್ಲವೂ ಮಧ್ಯಾಹ್ನವೇ ಹೆಚ್ಚುತ್ತಿವೆ. ಆ ಹೊತ್ತಿಗೆ ಆಟ ನೋಡಿಕೊಳ್ಳುವವರು ನೀವೊಬ್ಬರೇ.

ಪಾಸ್‌ವರ್ಡ್ ಬದಲಿಸಿದ್ದೇನೆ, ಹೊಸದು ಹಿಂದಿನ ಪುಟದಲ್ಲಿದೆ, ಓದಿ ಸುಟ್ಟುಬಿಡಿ. ಕಪಾಟಿನಲ್ಲಿಡಬೇಡಿ. ಶನಿವಾರ ಒಂದು ಅಪ್‌ಡೇಟು ಬರುತ್ತದೆ. ಅದರಲ್ಲಿ ತೋಳಗಳು ಗೋಡೆ ದಾಟುವುದನ್ನು ಸರಿಮಾಡಿದ್ದೇನೆ, ಬೇರೇನೂ ಇಲ್ಲ. ಮೊದಲು ಹೇಳಿದ್ದನ್ನೇ ಮತ್ತೆ ಹೇಳುತ್ತೇನೆ: ಯಂತ್ರವನ್ನು ಒಂದು ಕ್ಷಣವೂ ನಿಲ್ಲಿಸಬೇಡಿ.

ನಾದಿನಿ


ಆಗಸ್ಟ್ 27

ಬೇರೇನೂ ಇಲ್ಲ ಎಂದು ಬರೆದವಳಿಗೆ,

ತೋಳಗಳು ಈಗ ಗೋಡೆ ದಾಟುತ್ತಿಲ್ಲ. ಬದಲಿಗೆ ಮರ ಹತ್ತುತ್ತಿವೆ. ಅದು ಹೇಗಾಯಿತೋ ನೀನೇ ನೋಡಿಕೋ.

ಅಪ್‌ಡೇಟಿನ ಜೊತೆ ಒಂದು ಸಣ್ಣ ಫೈಲು ಬಂದು ಮೂಲೆಯಲ್ಲಿ ಕೂತಿದೆ. ಅದಕ್ಕೆ ಹೆಸರಿಲ್ಲ, ಬರೀ ಅಂಕಿ. ಮೊದಲ ದಿನ ಇಷ್ಟೇ ಇಷ್ಟಿತ್ತು, ದಿನದಿನಕ್ಕೆ ಬೆಳೆಯುತ್ತಿದೆ. ಏನದು, ಸಾಕುಪ್ರಾಣಿಯೇ? ಏನು ತಿನ್ನುತ್ತದೆ? ನಾನು ಹನ್ನೊಂದು ವರ್ಷ ಮೂವತ್ತು ಕಂಪ್ಯೂಟರು ಮೇಯಿಸಿದವಳು ಕಣೇ. ನನ್ನ ಯಂತ್ರದಲ್ಲಿ ಯಾರು ಏನು ಬಿಟ್ಟುಹೋದರು ಎಂದು ಕಣ್ಣುಮುಚ್ಚಿ ಹೇಳಬಲ್ಲೆ.

ನನಗೆ ಕೋಪ ಬಂದಿಲ್ಲ. ನೋವಾಗಿದೆ. "ಅತ್ತಿಗೆ, ನಿಮ್ಮ ಮೇಲೆ ಅನುಮಾನ" ಎಂದು ಬಾಯಿಬಿಟ್ಟು ಹೇಳಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ಆ ಫೈಲನ್ನು ಮುಟ್ಟಿಲ್ಲ, ಅಳಿಸಿಯೂ ಇಲ್ಲ. ಅದು ತಿಂದುಂಡು ಬೆಳೆಯಲಿ.

ಚೀಟಿ ಸುಟ್ಟೆ. ಹೊಸ ಪಾಸ್‌ವರ್ಡು ನನಗೆ ನೆನಪಿಲ್ಲ. ಇನ್ನು ಮುಂದೆ ಹಿಟ್ಟು ಹೆಚ್ಚಿದರೆ ಯಾರ ಕೈ ಎಂದು ನಿನಗೇ ಗೊತ್ತಾಗಬೇಕು.

ಅತ್ತಿಗೆ


ಸೆಪ್ಟೆಂಬರ್ 6

ಅತ್ತಿಗೆಯವರಿಗೆ,

ಸುತ್ತಿ ಬಳಸಿ ಬರೆಯುವುದಿಲ್ಲ. ಆ ಫೈಲು ಕಾವಲಿಗೆಂದು ನಾನಿಟ್ಟದ್ದು. ಹತ್ತು ನಿಮಿಷಕ್ಕೊಮ್ಮೆ ಅದು "ಎಲ್ಲ ಸರಿಯಾಗಿದೆ" ಎಂದು ಒಂದು ಗುರುತು ಹಾಕುತ್ತದೆ. ನಿಮಗೆ ಹೇಳದೆ ಇಟ್ಟದ್ದು ತಪ್ಪೇ ಇರಬಹುದು, ಆದರೆ ಅದು ತೋರಿಸಿದ್ದನ್ನು ನೋಡಿದ ಮೇಲೆ ಹೇಳದಿದ್ದದ್ದೇ ಒಳ್ಳೆಯದಾಯಿತು ಅನಿಸುತ್ತದೆ. ಪ್ರತಿದಿನ ಮಧ್ಯಾಹ್ನ ಒಂದೂ ಐವತ್ತರಿಂದ ಮೂರೂವರೆಯವರೆಗೆ ಒಂದು ಗುರುತೂ ಇಲ್ಲ. ಒಂದು ದಿನ ಅಲ್ಲ, ಹದಿಮೂರು ದಿನವೂ ಅದೇ ಹೊತ್ತು. ಹಿಟ್ಟು ಹೆಚ್ಚಿರುವುದು ಪ್ರತಿಸಲವೂ ಅದಾದ ಮೇಲೆ.

ಯಂತ್ರ ತಾನಾಗಿ ನಿಂತಿರಬಹುದೇ ಎಂದು ಮೊದಲು ಯೋಚಿಸಿದೆ, ನಿಮ್ಮ ಪರವಾಗಿಯೇ ಯೋಚಿಸಿದೆ. ಭಾನುವಾರ ಅಮ್ಮನನ್ನು ಕೇಳಿದೆ. "ಹಗಲೂ ರಾತ್ರಿ ಒಂದೇ ಸಮ ಓಡ್ತಿರುತ್ತೆ ಕಣೇ. ನಂಗಂತೂ ಜೋಗುಳ ಇದ್ದ ಹಾಗೆ. ಅದರ ಸದ್ದಲ್ಲೇ ಮಧ್ಯಾಹ್ನ ಕಣ್ಣು ಹತ್ತುತ್ತೆ" ಎಂದಳು. ನೀವೂ ಪಕ್ಕದಲ್ಲೇ ಇದ್ದಿರಿ, ಒಂದು ಮಾತೂ ಆಡಲಿಲ್ಲ. ಅಂದರೆ ಯಂತ್ರ ಓಡುತ್ತಲೇ ಇತ್ತು, ಕಾವಲಿನ ಕಣ್ಣಿಗೆ ಮಾತ್ರ ಬಟ್ಟೆ ಕಟ್ಟಲಾಗಿತ್ತು. ಆ ಕೋಣೆಯಲ್ಲಿ ಅದನ್ನು ಮಾಡಬಲ್ಲವರು ಅಮ್ಮ ಅಲ್ಲ.

ಆ ಹೊತ್ತಿನಲ್ಲಿ ಏನು ಮಾಡುತ್ತೀರಿ ಎಂದು ನಾನು ಕೇಳುವುದಿಲ್ಲ. ಕೇಳಿದರೆ ನೀವೊಂದು ಉತ್ತರ ಕೊಡುತ್ತೀರಿ, ಆಮೇಲೆ ಅದನ್ನು ನಂಬಬೇಕೋ ಬೇಡವೋ ಎಂದು ನಾನು ಒದ್ದಾಡಬೇಕು. ಅದು ಬೇಡ. ಅಕ್ಟೋಬರ್ ಒಂದರಿಂದ ದ್ವೀಪವನ್ನು ಬಾಡಿಗೆ ಸರ್ವರಿಗೆ ಸಾಗಿಸುತ್ತಿದ್ದೇನೆ. ದ್ವೀಪದ ನಕಲನ್ನು ಡಿಸ್ಕಿನಲ್ಲಿ ಹಾಕಿ ಕಳಿಸಿ. ಅಣ್ಣನಿಗೂ ಅಮ್ಮನಿಗೂ ಕಾರಣ ಹೇಳಿಲ್ಲ, ಯಂತ್ರ ಹಳೆಯದಾಯಿತು ಎಂದಷ್ಟೇ ಹೇಳುತ್ತೇನೆ. ನಿಮ್ಮ ಮರ್ಯಾದೆಗಾಗಿ.

ಇಂತಿ,
ನಿಮ್ಮ ನಾದಿನಿ


ಸೆಪ್ಟೆಂಬರ್ 14

ಡಿಸ್ಕು ಇದರ ಜೊತೆಗಿದೆ. ಎರಡು ಸಲ ನಕಲು ಮಾಡಿ ಪರೀಕ್ಷಿಸಿದ್ದೇನೆ. ಅಲುಗಾಡಬಾರದೆಂದು ಹತ್ತಿಯಲ್ಲಿ ಸುತ್ತಿದ್ದೇನೆ.

ನೀನು ಕೇಳಲಿಲ್ಲ, ಆದ್ದರಿಂದ ನಾನು ಹೇಳುವುದಿಲ್ಲ. ನನ್ನ ಮರ್ಯಾದೆಯನ್ನು ನೀನು ಕಾಯುವುದು ಬೇಡ, ಇಷ್ಟು ದಿನ ನಾನೇ ಕಾದುಕೊಂಡಿದ್ದೇನೆ.

ಮರ ಹತ್ತುವ ತೋಳಗಳು ಈಗ ಇಳಿಯಲಾಗದೆ ಊಳಿಡುತ್ತಿವೆ. ಹೊಸ ಯಜಮಾನರಿಗೆ ತಿಳಿಸು.


ಅಕ್ಟೋಬರ್ 12

ಅತ್ತಿಗೆಯವರಿಗೆ,

ದ್ವೀಪ ಹೊಸ ಜಾಗದಲ್ಲಿ ಹನ್ನೆರಡು ದಿನದಿಂದ ಓಡುತ್ತಿದೆ. ಈ ಹನ್ನೆರಡು ದಿನದಲ್ಲಿ ಒಂದು ಹಿಡಿ ಹಿಟ್ಟೂ ಹೆಚ್ಚಿಲ್ಲ. ಪ್ರೋಗ್ರಾಮಿನ ಒಂದು ಸಾಲನ್ನೂ ನಾನು ಬದಲಿಸಿಲ್ಲ. ಬದಲಾದದ್ದು ಯಂತ್ರ ಮತ್ತು ನೋಡಿಕೊಳ್ಳುವವರು. ಇದಕ್ಕಿಂತ ಹೆಚ್ಚು ನಾನೇನೂ ಬರೆಯಬೇಕಾಗಿಲ್ಲ.

ಆಟಗಾರರಿಗೆ ಒಂದು ಪ್ರಕಟಣೆ ಹಾಕಬೇಕಾಯಿತು. "ಕೆಲವರಿಗೆ ಸಲ್ಲದ ಅನುಕೂಲ ಆಗುತ್ತಿತ್ತು. ಅದಕ್ಕೆ ಕಾರಣರಾದವರನ್ನು ಬದಲಿಸಲಾಗಿದೆ" ಎಂದು ಬರೆದೆ, ನಿಮ್ಮ ಹೆಸರೆತ್ತಲಿಲ್ಲ. ಮುಂಗುಸಿಯನ್ನು ಹೊರಗೆ ಹಾಕಿದೆ. ಮರುದಿನವೇ ಒಂಬತ್ತು ಜನ ಬಿಟ್ಟುಹೋದರು. ಒಂಬತ್ತೂ ಜನ ಮಧ್ಯಾಹ್ನ ಆಡುವವರು! "ಯಜಮಾನಿ ಇಲ್ಲದ ದ್ವೀಪ ನಮಗೆ ಬೇಡ" ಎಂದು ಬರೆದು ಹೋದರು. ಯಾರಿಗೆ ಯಾರ ಕೈಯಿಂದ ಏನು ಸಿಗುತ್ತಿತ್ತು ಎಂದು ಅವರೇ ತೋರಿಸಿಕೊಟ್ಟಂತಾಯಿತು.

ಉಳಿದವರು ಮೂವತ್ತಾರು. ಚಳಿಗಾಲ ಡಿಸೆಂಬರ್ ಒಂದಕ್ಕೇ ಶುರುವಾಗುತ್ತದೆ.

ಕೆಲಸ ಹೆಚ್ಚಿರುವುದರಿಂದ ಭಾನುವಾರ ಫೋನು ಮಾಡಲಾಗುತ್ತಿಲ್ಲ. ಅಮ್ಮನಿಗೆ ಹೇಳಿ.

ಇಂತಿ,
ನಾದಿನಿ


ಅಕ್ಟೋಬರ್ 30

ನಾದಿನಿಗೆ,

ಬರೆಯಬಾರದೆಂದು ಹದಿನೈದು ದಿನ ಕೂತಿದ್ದೆ. ಈಗಲೂ ಆಟಕ್ಕಾಗಿ ಬರೆಯುತ್ತಿಲ್ಲ. ನೀನು ನಾಲ್ಕು ಭಾನುವಾರ ಫೋನು ಮಾಡಿಲ್ಲ. ನನ್ನ ಮೇಲಿನ ಕೋಪಕ್ಕೆ ಅತ್ತೆಯ ಬಾಯಿ ಏಕೆ ಕಟ್ಟುತ್ತೀಯ? ಸಂಜೆಯಾದರೆ ಫೋನಿನ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಾರೆ. "ಅವಳಿಗೆ ಕೆಲಸ ಇರುತ್ತೆ ಬಿಡು" ಎಂದು ನನಗೇ ಸಮಾಧಾನ ಹೇಳುತ್ತಾರೆ. ನಾನು ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕುತ್ತೇನೆ.

ಯಂತ್ರವಿದ್ದ ಜಾಗದಲ್ಲಿ ಈಗ ಅವರ ಹೊಲಿಗೆ ಮೇಜು ಇಟ್ಟಿದ್ದೇನೆ. ನಿಜ ಹೇಳಬೇಕೆಂದರೆ ಅತ್ತೆಗೆ ಇದರಿಂದ ಆರಾಮವಾಗಿದೆ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಯಂತ್ರವೇ ನಿಂತುಹೋಯಿತಲ್ಲ, ಹೇಳುತ್ತೇನೆ. ಆ ಸದ್ದು ಅವರಿಗೆ ಆಗುತ್ತಲೇ ಇರಲಿಲ್ಲ. ಮಧ್ಯಾಹ್ನ ಮಲಗಿದರೆ ತಲೆಯೊಳಗೆ ಗಿರಣಿ ತಿರುಗಿದಂತಾಗುತ್ತದೆ ಎನ್ನುತ್ತಿದ್ದರು. ಬೇರೆ ಕೋಣೆಯಲ್ಲಿಟ್ಟರೆ ಯಂತ್ರ ಕಾದು ಕೆಂಡವಾಗುತ್ತಿತ್ತು. ನಿನಗೆ ಹೇಳೋಣವೆಂದರೆ ಕೈ ಹಿಡಿದುಕೊಂಡು ಬೇಡವೆಂದರು. "ಅವಳಿಗೆ ಗೊತ್ತಾದ್ರೆ ಅದೇ ದಿನ ಎತ್ತಿಸಿಬಿಡ್ತಾಳೆ. ಐದು ವರ್ಷ ಕಷ್ಟಪಟ್ಟಿದ್ದಾಳೆ. ನನ್ನ ನಿದ್ದೆ ಏನು ದೊಡ್ಡದು" ಎಂದರು. ಅದಕ್ಕೇ ಫೋನಿನಲ್ಲಿ ಜೋಗುಳ ಗೀಗುಳ ಎಂದು ನಿನಗೆ ಬಣ್ಣ ಕಟ್ಟಿ ಹೇಳುತ್ತಿದ್ದರು. ನಾನೂ ಬಾಯಿಗೆ ಬೀಗ ಹಾಕಿಕೊಂಡೆ. ನನಗೂ ಯಂತ್ರ ಮನೆಯಿಂದ ಹೋಗುವುದು ಬೇಡವಾಗಿತ್ತು, ಅತ್ತೆಯ ಮಾತು ನನಗೆ ಅನುಕೂಲವೇ ಆಯಿತು. ಅಷ್ಟು ನನ್ನ ಸ್ವಾರ್ಥ.

ಈಗ ದಿನಾ ಎರಡಕ್ಕೆ ಮುಂಚೆ ಅಡುಗೆಮನೆಯಿಂದ ಕೈ ಒರೆಸಿಕೊಂಡು ಓಡಿಹೋಗಿ, ಅಂಗಡಿ ಮುಚ್ಚುತ್ತಿದ್ದ ಹಾಗೆ ಗೋಡೆಯ ಮೇನ್ ಸ್ವಿಚ್ ಎಳೆಯುವ ಕೆಲಸ ತಪ್ಪಿದೆ. ಮೂರೂವರೆಗೆ ಮತ್ತೆ ಹಾಕಿ ಎಲ್ಲ ಸರಿಯಾಗಿದೆಯೇ ಎಂದು ಕಾಯುವುದೂ ಇಲ್ಲ. ಅತ್ತೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮಲಗುತ್ತಾರೆ. ನನಗೆ ಮಾತ್ರ ಆ ಹೊತ್ತಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಕೊಡಲಿ ಕಳೆದುಕೊಂಡವರು ಯಾರೂ ಬರುವುದಿಲ್ಲ.

ಭಾನುವಾರ ಫೋನು ಮಾಡು. ನನ್ನ ಜೊತೆ ಮಾತಾಡಬೇಕಾಗಿಲ್ಲ.

ಅತ್ತಿಗೆ


ನವೆಂಬರ್ 5

ಅತ್ತಿಗೆ,

ನಿಮ್ಮ ಪತ್ರವನ್ನು ಕಚೇರಿಯ ಮೆಟ್ಟಿಲ ಮೇಲೆ ನಿಂತು ಓದಿದೆ. ಮೇನ್ ಸ್ವಿಚ್ ಎಂಬ ಸಾಲನ್ನು ಮತ್ತೆ ಓದಿದೆ. ಒಳಗೆ ಹೋಗಲಿಲ್ಲ, ರಜೆ ಹಾಕಿ ಮನೆಗೆ ಬಂದೆ.

ಮನೆಯ ಕಂಪ್ಯೂಟರಿನಲ್ಲಿ ದ್ವೀಪದ ನಕಲೊಂದನ್ನು ಓಡಿಸಿದೆ. ಹನ್ನೆರಡಕ್ಕೆ ದ್ವೀಪ ಡಿಸ್ಕಿನಲ್ಲಿ ಸೇವ್ ಆಯಿತು. ಒಂದು ಗಂಟೆಗೆ ಉಗ್ರಾಣದಿಂದ ಒಂದು ಮೂಟೆ ಹಿಟ್ಟು ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ. ಒಂದೂ ಐವತ್ತಕ್ಕೆ ಗೋಡೆಯ ಸ್ವಿಚ್ ಎಳೆದೆ. ಮತ್ತೆ ಹಾಕಿದೆ. ಚೀಲದಲ್ಲಿ ಹಿಟ್ಟಿತ್ತು, ಏಕೆಂದರೆ ಚೀಲ ಆಗಲೇ ಸೇವ್ ಆಗಿತ್ತು. ಉಗ್ರಾಣದಲ್ಲೂ ಹಿಟ್ಟಿತ್ತು, ಏಕೆಂದರೆ ದ್ವೀಪ ಹನ್ನೆರಡು ಗಂಟೆಯ ಸ್ಥಿತಿಗೆ ವಾಪಸಾಗಿತ್ತು. ಒಂದು ಮೂಟೆ ಎರಡಾಗಿತ್ತು. ಆಮೇಲೆ ಒಂದು ಕೊಡಲಿಯನ್ನು ಚೀಲದಿಂದ ತೆಗೆದು ಪೆಟ್ಟಿಗೆಯಲ್ಲಿಟ್ಟು ಅದೇ ರೀತಿ ಮಾಡಿದೆ. ಕೊಡಲಿ ಚೀಲದಲ್ಲೂ ಇಲ್ಲ, ಪೆಟ್ಟಿಗೆಯಲ್ಲೂ ಇಲ್ಲ. ಆ ಇಬ್ಬರು ಅಕ್ಕಪಕ್ಕದವರಲ್ಲಿ ಯಾರೂ ಕಳ್ಳರಲ್ಲ.

ಪ್ರೋಗ್ರಾಮಿನಿಂದಲೇ ನಿಲ್ಲಿಸಿದ್ದರೆ ಅದು ಎಲ್ಲವನ್ನೂ ಉಳಿಸಿ ನಿಲ್ಲುತ್ತಿತ್ತು. ಆದರೆ ಎಂದೂ ನಿಲ್ಲಿಸಬೇಡಿ ಎಂದು ಹತ್ತು ಸಲ ಹೇಳಿದೆನೇ ಹೊರತು ನಿಲ್ಲಿಸುವುದು ಹೇಗೆ ಎಂದು ನಿಮಗೆ ಕಲಿಸಲೇ ಇಲ್ಲ. ಕರೆಂಟು ಹೋದರೆ ಏನಾಗುತ್ತದೆ ಎಂದು ಯೋಚಿಸದೆ ಬರೆದವಳು ನಾನು. ಕಳ್ಳ ನನ್ನ ಪ್ರೋಗ್ರಾಮಿನಲ್ಲಿದ್ದ. ಹೊಸ ಜಾಗದಲ್ಲಿ ಯಾರೂ ಸ್ವಿಚ್ ಎಳೆಯುವುದಿಲ್ಲ, ಅದಕ್ಕೇ ಹೆಚ್ಚಲಿಲ್ಲ. ಅದನ್ನೇ ಸಾಕ್ಷಿ ಎಂದು ನಿಮ್ಮ ಮುಖಕ್ಕೆ ಹಿಡಿದೆ.

ಮುಂಗುಸಿಗೂ ಬರೆದೆ, ಹೊರಗೆ ಹಾಕಿದ ಮೇಲೆ ಮೊದಲ ಸಲ ಬರೆದದ್ದು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಅಂತೆ, ಅವನ ಬಿಡುವೂ ಒಂದರಿಂದ ಎರಡು. ಅವನ ಉತ್ತರವನ್ನು ಹಾಗೇ ಬರೆಯುತ್ತೇನೆ: "ಅದು ಆಟದ ನಿಯಮ ಅಂದ್ಕೊಂಡಿದ್ದೆ ಮೇಡಂ. ಎರಡಕ್ಕೆ ಮುಂಚೆ ಬಾಗಿಲು ಹಾಕ್ತೀನಿ, ಮನೇಲಿ ಹಿರಿಯರು ಮಲಗ್ತಾರೆ ಅಂತ ಯಜಮಾನಿ ಹೇಳಿದ್ರು. ಮತ್ತೆ ತೆಗೆದಾಗ ಹಿಟ್ಟು ಜಾಸ್ತಿ ಇರ್ತಿತ್ತು. ಯಜಮಾನಿ ಕೊಡ್ತಾರೆ ಅಂತ ನಾವೆಲ್ಲ ಖುಷಿಪಡ್ತಿದ್ವಿ. ತಪ್ಪು ಅಂತ ಯಾರೂ ಹೇಳ್ಲಿಲ್ಲ."

ಮಧ್ಯಾಹ್ನದವರಿಗೆಲ್ಲ ಅಮ್ಮನ ನಿದ್ದೆ ಗೊತ್ತಿತ್ತು. ಗೊತ್ತಿಲ್ಲದವಳು ಅವಳ ಮಗಳೊಬ್ಬಳೇ.

ಅತ್ತಿಗೆ, ನನಗೆ ನಾಚಿಕೆಯಾಗಿದೆ. ಸಣ್ಣ ನಾಚಿಕೆಯಲ್ಲ. ಐದು ವರ್ಷದಿಂದ ನನ್ನ ಆಟದ ಬೈಗುಳವನ್ನೆಲ್ಲ ತಿಂದವರ ಮೇಲೆ ಕಾವಲಿಟ್ಟೆ, ಕೇಳದೆ ತೀರ್ಪು ಕೊಟ್ಟೆ, ಊರಿಗೆಲ್ಲ ಸಾರಿದೆ. ನಿನ್ನೆ ಬೆಳಗ್ಗೆ ಹೊಸ ಪ್ರಕಟಣೆ ಹಾಕಿದ್ದೇನೆ. ತಪ್ಪು ನನ್ನದು, ಪ್ರೋಗ್ರಾಮಿನದು, ಯಜಮಾನಿಯದಲ್ಲ ಎಂದು ನೇರವಾಗಿ ಬರೆದಿದ್ದೇನೆ. ಒಂಬತ್ತು ಜನರಿಗೂ ಬೇರೆ ಬೇರೆ ಬರೆದೆ. ಆರು ಜನ ವಾಪಸು ಬಂದಿದ್ದಾರೆ, ಮುಂಗುಸಿಯೂ ಬಂದಿದ್ದಾನೆ.

ಚಳಿಗಾಲಕ್ಕೆ ಮೊದಲು ದ್ವೀಪವನ್ನು ನಿಮ್ಮ ಯಂತ್ರಕ್ಕೆ ತರುತ್ತೇನೆ. ಎಷ್ಟು ಸಲ ಸ್ವಿಚ್ ಎಳೆದರೂ ಒಂದು ಕಾಳೂ ಅಲುಗಾಡದ ಹಾಗೆ ಸರಿಮಾಡುತ್ತೇನೆ. ಒಲ್ಲೆ ಎನ್ನಬೇಡಿ. ನಿಮ್ಮ ಕ್ಷಮೆ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ನಿಮ್ಮ
ನಾದಿನಿ


ನವೆಂಬರ್ 14

ನಾದಿನಿ,

ಭಾನುವಾರ ನೀನು ಫೋನಿನಲ್ಲಿ ಅತ್ತಾಗ ಅತ್ತೆಗೆ ಗಾಬರಿಯಾಯಿತು. "ಏನಾಯ್ತೇ ಅವಳಿಗೆ?" ಎಂದು ಕೇಳಿದರು. ನೆಗಡಿ ಅಂದೆ. ಅವರಿಗೆ ಈ ಕಥೆ ಯಾವುದೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಮಗಳ ಮನಸ್ಸು ನೋಯದಿರಲಿ ಎಂದು ಒಂದು ಸಣ್ಣ ಸುಳ್ಳು ಹೇಳಿದವರಿಗೆ ಅದರಿಂದ ಏನೇನಾಯಿತು ಎಂದು ಪಟ್ಟಿ ಓದುವ ಕಲ್ಲೆದೆ ನನಗಿಲ್ಲ. ನೀನೂ ಬಾಯಿಬಿಡಬೇಡ.

ನಿನ್ನ ಪ್ರಕಟಣೆ ಓದಿದೆ. ಎರಡು ಸಲ ಓದಿದೆ. ನಿಮ್ಮಣ್ಣನಿಗೂ ಓದಿ ಹೇಳಿದೆ. "ಹಾಗಾದ್ರೆ ಇಷ್ಟು ದಿನ ಪಾತ್ರೆ ಕುಕ್ತಾ ಇದ್ದದ್ದು ಇದಕ್ಕಾ? ನಾನೇನೋ ಮಾಡಿದ್ದೀನಿ ಅಂದ್ಕೊಂಡು ದಿನಾ ಬೇಗ ಮನೆಗೆ ಬರ್ತಿದ್ದೆ" ಎಂದರು. ಇನ್ನೂ ಸ್ವಲ್ಪ ದಿನ ಹೇಳದೆ ಇರಬೇಕಿತ್ತು.

ಕೋಪ ಹೋಯಿತೇ ಎಂದರೆ ಪೂರ್ತಿ ಹೋಗಿಲ್ಲ. ನೀನು ಮಾಡಿದ್ದು ಸಣ್ಣದಲ್ಲ. ನಿನ್ನನ್ನು ಫ್ರಾಕಿನ ಕಾಲದಿಂದ ನೋಡಿದವಳು ನಾನು. ನನ್ನ ಮೇಲೆ ಬಂದ ಅನುಮಾನವನ್ನು ನನ್ನ ಹತ್ತಿರ ಹೇಳಲು ನಿನಗೆ ಆಗಲಿಲ್ಲ, ಒಂದು ಫೈಲಿನ ಹತ್ತಿರ ಹೇಳಿದೆ. ಅದು ನನಗೆ ಇನ್ನೂ ನೋಯುತ್ತದೆ. ಆದರೆ ನ್ಯಾಯವಾಗಿ ಹೇಳಬೇಕಲ್ಲ, ನಾನೂ ಬಿಗುಮಾನ ಮಾಡಿದೆ. ಸೆಪ್ಟೆಂಬರಿನಲ್ಲೇ ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ನೀನು ಕೇಳಲಿಲ್ಲ ಎಂಬ ಹಟಕ್ಕೆ ಹತ್ತಿ ಸುತ್ತಿ ಡಿಸ್ಕು ಕಳಿಸಿದೆ. ಮುಂಗುಸಿ ನೀನೇ ಎಂದು ಎರಡು ತಿಂಗಳು ನಂಬಿಕೊಂಡಿದ್ದೆ, ಪಾಪ ಆ ಡಿಪೋದವನ ಬೆನ್ನ ಹಿಂದೆ ದಿನಾ ಅಡಗಿ ನಿಂತು ನೋಡುತ್ತಿದ್ದೆ. ನಿನಗೂ ನನಗೂ ಹೆಚ್ಚು ವ್ಯತ್ಯಾಸವಿಲ್ಲ.

ದ್ವೀಪ ವಾಪಸು ಬೇಡ. ಬಿಂಕಕ್ಕೆ ಹೇಳುತ್ತಿಲ್ಲ. ಅತ್ತೆ ಈಗ ನಾಲ್ಕರವರೆಗೆ ಮಲಗುತ್ತಾರೆ, ಎದ್ದಾಗ ಮುಖ ಗೆಲುವಾಗಿರುತ್ತದೆ. ಅದನ್ನು ನೋಡಿದ ಮೇಲೆ ಆ ಗಿರಣಿಯನ್ನು ಮತ್ತೆ ಆ ಕೋಣೆಗೆ ತರಲಾರೆ. ಯಂತ್ರ ಮಂಚದ ಕೆಳಗಿರಲಿ. ಯಜಮಾನಿಯ ಪಟ್ಟ ಬಿಟ್ಟದ್ದಕ್ಕೆ ಬೇಸರ ಇದೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ಬೈಗುಳ ತಿನ್ನಲು ಬೇರೆ ಯಾರನ್ನಾದರೂ ಹುಡುಕಿಕೋ. ತೋಳಗಳನ್ನು ಮೊದಲು ಮರದಿಂದ ಇಳಿಸು.

ಆದರೆ ಚಳಿಗಾಲಕ್ಕೆ ನಾನು ಬರುತ್ತೇನೆ, ಆಟಗಾರ್ತಿಯಾಗಿ. ಐದು ವರ್ಷ ಬಾಗಿಲು ಕಾದಿದ್ದೇನೆ, ಒಂದು ದಿನವೂ ಒಳಗೆ ಬಂದು ಸೌದೆ ಕಡಿದಿಲ್ಲ. ಹೊಸ ಹೆಸರಿನಲ್ಲಿ ಆಗಲೇ ಸೇರಿಕೊಂಡಿದ್ದೇನೆ. ಯಾವ ಹೆಸರು ಎಂದು ಹೇಳುವುದಿಲ್ಲ. ನಿನ್ನ ಕೈಯಲ್ಲಿ ಪಾಸ್‌ವರ್ಡ್ ಇದೆ, ಮನಸ್ಸು ಮಾಡಿದರೆ ಅರ್ಧ ಗಂಟೆಯಲ್ಲಿ ಹುಡುಕುತ್ತೀಯ. ಹುಡುಕಬೇಡ.

ನೂರು ದಿನ ಬಹಳ ಉದ್ದ. ಯಾರೋ ಒಬ್ಬರ ಗುಡಿಸಲಿನಲ್ಲಿ ಸೌದೆ ಹೆಚ್ಚಿದೆ, ಯಾರೋ ಒಬ್ಬರು ಮೋಸ ಮಾಡುತ್ತಿದ್ದಾರೆ ಎಂದು ನಿನಗೆ ದೂರು ಬಂದೇ ಬರುತ್ತದೆ. ಅವರನ್ನು ಹೊರಗೆ ಹಾಕುವ ಮೊದಲು ಬಾಗಿಲು ತಟ್ಟಿ ಒಂದು ಮಾತು ಕೇಳು. ಒಳಗಿರುವುದು ನಾನೇ ಆಗಿದ್ದರೆ ಈ ಸಲ ಉತ್ತರ ಹೇಳುತ್ತೇನೆ.

ಅತ್ತಿಗೆ